ವಾರಕ್ಕೆ ಹದಿನಾಲ್ಕು ಗಂಟೆಯಲ್ಲಿ ಎಂ.ಎ. ಅರ್ಥಶಾಸ್ತ್ರ: ಉಡುಪಿಯ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆ. ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿಗೆ 38 ವರ್ಷ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ, ಮೇಲೆ ಬಿ.ಎಡ್. ಮಾಡಿದ್ದಾರೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ; ಪದವಿ ಮುಗಿದು ಹದಿನಾರು ವರ್ಷವಾಗಿದೆ. ಎಂಟರಿಂದ ಹತ್ತನೇ ತರಗತಿಯವರೆಗಿನ ಸಮಾಜ ವಿಜ್ಞಾನದಲ್ಲಿ ಅರ್ಥಶಾಸ್ತ್ರದ ಅಧ್ಯಾಯಗಳು ಬಂದಾಗ ಅವರಿಗೆ ಪಾಠ ಹೆಚ್ಚು ಇಷ್ಟ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಉಪನ್ಯಾಸಕಿ ಆಗಬೇಕೆಂಬುದು ಗುರಿ. ಕೆಲಸ ಬಿಡುವಂತಿಲ್ಲ, ದಿನಾ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗಿ ತರಗತಿಯಲ್ಲಿ ಕೂರುವಂತೆಯೂ ಇಲ್ಲ. ಕೈಯಲ್ಲಿರುವುದು ₹30,000, ಒಂದು ಫೋನು, ಮನೆಯ ಹಳೆಯ ಲ್ಯಾಪ್‌ಟಾಪು.

ಇದು ಯಾರೋ ಒಬ್ಬರ ಜೀವನ ಚರಿತ್ರೆಯಲ್ಲ. ಕರಾವಳಿಯ ಶಿಕ್ಷಕರಲ್ಲಿ ಮತ್ತೆ ಮತ್ತೆ ಕಾಣುವ ಸನ್ನಿವೇಶವನ್ನು ಒಟ್ಟುಗೂಡಿಸಿ, ಲೆಕ್ಕ ಹಾಕಿ ನೋಡುವುದಕ್ಕೆಂದೇ ಕಟ್ಟಿಕೊಂಡ ಪ್ರಕರಣ. ಶಿಕ್ಷಕಿ ಕಲ್ಪಿತ; ನಿಯಮಗಳು, ತೂಕಗಳು, ಅಡಚಣೆಗಳು ಇರುವಂಥವೇ.

ದೂರಶಿಕ್ಷಣದ ಜಾಹೀರಾತುಗಳಲ್ಲಿ ‘ನಿಮ್ಮ ವೇಗದಲ್ಲೇ ಕಲಿಯಿರಿ’ ಎಂಬ ಮಾತು ಧಾರಾಳ. ಈ ಪ್ರಕರಣವನ್ನು ಕೊನೆಯವರೆಗೆ ಬಿಡಿಸಿ ನೋಡಿದಾಗ ಸಿಗುವುದು ಇಷ್ಟು: ವೇಗ ನಮ್ಮದು, ತಾರೀಕುಗಳು ನಮ್ಮವಲ್ಲ. ದುಡಿಯುತ್ತಾ ಓದುವವರು ಸೋಲುವುದು ಹೆಚ್ಚಾಗಿ ಬುದ್ಧಿ ಸಾಲದೆ ಅಲ್ಲ, ಗಂಟೆಗಳನ್ನು ಮೊದಲೇ ಎಣಿಸದೆ.

ಮೊದಲು ಕೇಳಬೇಕಾದ ಪ್ರಶ್ನೆ

ಶಿಕ್ಷಕಿ ಮೊದಲು ನೋಡಿದ್ದು ಶುಲ್ಕವನ್ನು. ಎಲ್ಲರೂ ಹಾಗೆಯೇ ಶುರು ಮಾಡುತ್ತಾರೆ. ನೋಡಬೇಕಾದದ್ದು ಈ ಓದು ಯಾವ ಕಡತದಲ್ಲಿ ಕೂರಬೇಕು ಎಂಬುದನ್ನು. ಕರ್ನಾಟಕದಲ್ಲಿ ಪಿಯು ಉಪನ್ಯಾಸಕರ ನೇರ ನೇಮಕಾತಿಗೆ ಆಯಾ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55 ಅಂಕ ಮತ್ತು ಬಿ.ಎಡ್. ಕೇಳುತ್ತಾರೆ. ಮುಂದೆ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯುವ ಆಸೆ ಇದ್ದರೆ ಅಲ್ಲಿಯೂ ಅದೇ ಶೇ 55. ಅಂದರೆ ಬೇಕಾಗಿರುವುದು ಪದವಿ, ಅದರಲ್ಲೂ ಒಂದು ನಿರ್ದಿಷ್ಟ ಅಂಕದ ಪದವಿ. ಎಷ್ಟೇ ಒಳ್ಳೆಯ ಸಂಸ್ಥೆಯ ಪ್ರಮಾಣಪತ್ರವಾದರೂ ಈ ಜಾಗವನ್ನು ತುಂಬುವುದಿಲ್ಲ.

ಈ ಮಾನದಂಡ ಹಿಡಿದರೆ ಆಯ್ಕೆಗಳು ತಾವಾಗಿ ಎರಡು ರಾಶಿಯಾಗುತ್ತವೆ. ಪದವಿ ಕೊಡುವವು ಒಂದು ಕಡೆ: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ, ಸ್ಥಾಪನೆ 1985), ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (ಕರಾಮುವಿ, ಸ್ಥಾಪನೆ 1996), ಮತ್ತು ಆನ್‌ಲೈನ್ ಎಂ.ಎ. ನಡೆಸುವ ಖಾಸಗಿ ವಿಶ್ವವಿದ್ಯಾನಿಲಯಗಳು. ಕಲಿಸುವ, ಆದರೆ ಪದವಿ ಕೊಡದ ಕೋರ್ಸ್‌ಗಳು ಇನ್ನೊಂದು ಕಡೆ: ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂ, ಐಐಟಿಗಳು ನಡೆಸುವ ಎನ್‌ಪಿಟಿಇಎಲ್, ಎಂಐಟಿಯ ಉಚಿತ ಪಾಠಗಳು. (ಉಡುಪಿಯಲ್ಲಿ ಎಂಐಟಿ ಎಂದರೆ ಮಣಿಪಾಲ ನೆನಪಾಗುತ್ತದೆ, ಇಲ್ಲಿ ಹೇಳುತ್ತಿರುವುದು ಅಮೆರಿಕದ ಮೆಸಾಚುಸೆಟ್ಸ್‌ನದ್ದು.)

ಎರಡನೇ ರಾಶಿಯಲ್ಲಿ ಶಿಕ್ಷಕಿಯನ್ನು ಹೆಚ್ಚು ಸೆಳೆದದ್ದು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೋ ಮೊದಲಾದವರು ಪಾಠ ಮಾಡುವ ಎಂಐಟಿಯ ‘ಮೈಕ್ರೋಮಾಸ್ಟರ್ಸ್’. ಬಡತನ, ದತ್ತಾಂಶ ವಿಶ್ಲೇಷಣೆ, ಸೂಕ್ಷ್ಮ ಅರ್ಥಶಾಸ್ತ್ರ ಎಲ್ಲ ಅದರಲ್ಲಿವೆ. ಶುಲ್ಕವನ್ನು ಕಲಿಯುವವರ ಆದಾಯ ನೋಡಿ ಇಳಿಸುತ್ತಾರೆ. ಪಾಠದ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಆದರೆ ಅಲ್ಲಿ ವಾರ ವಾರವೂ ಗಡುವು ಇರುತ್ತದೆ, ಕಣ್ಗಾವಲಿನ ಪರೀಕ್ಷೆ ಇರುತ್ತದೆ, ಕೊನೆಗೆ ಸಿಗುವುದು ಪ್ರಮಾಣಪತ್ರ. ನೇಮಕಾತಿ ಅರ್ಜಿಯಲ್ಲಿ ಅದನ್ನು ತುಂಬಲು ಅಂಕಣವಿಲ್ಲ. ಎಂ.ಎ. ಮುಗಿದ ಮೇಲೆ ಮಾಡುವುದಾದರೆ ಚಿನ್ನ, ಎಂ.ಎ. ಬದಲಿಗೆ ಮಾಡಿದರೆ ನಷ್ಟ.

ಇಗ್ನೋ, ಕರಾಮುವಿ ನಡುವೆ ಆಯ್ಕೆ ಅಷ್ಟು ಸುಲಭವಲ್ಲ. ಕರಾಮುವಿಯಲ್ಲಿ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಬರೆಯಬಹುದು. ಮಂಗಳೂರು, ಉಡುಪಿ ಎರಡೂ ಕಡೆ ಪ್ರಾದೇಶಿಕ ಕೇಂದ್ರಗಳಿವೆ. 2012-13ರ ನಂತರದ ಕೆಲವು ವರ್ಷ ಅದಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರಲಿಲ್ಲ, 2018-19ರಿಂದ ಮರಳಿ ಬಂತು. ಈಗ ಸೇರುವವರಿಗೆ ಅದು ಅಡ್ಡಿಯಲ್ಲ, ಆದರೆ ಮಾನ್ಯತೆಯನ್ನು ವರ್ಷ ವರ್ಷವೂ ನೋಡಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ಬೇಡ. ಇಗ್ನೋದಲ್ಲಿ ಎಂ.ಎ. ಅರ್ಥಶಾಸ್ತ್ರದ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಪಠ್ಯದಲ್ಲಿ ಗಣಿತದ ಪಾಲು ಹೆಚ್ಚು, ಪದವಿ ಮುಗಿಸಲು 2ರಿಂದ 4 ವರ್ಷದ ಅವಕಾಶ, ಸೇರಲು ಯಾವುದೇ ಪದವಿ ಸಾಕು.

ನಮ್ಮ ಅಭಿಪ್ರಾಯ ಹೀಗೆ: ಗುರಿ ಪಿಯು ಹುದ್ದೆಯಷ್ಟೇ ಆಗಿದ್ದು, ಇಂಗ್ಲಿಷಿನಲ್ಲಿ ಮೂರು ಗಂಟೆ ಬರೆಯುವುದು ಕಷ್ಟವೆನಿಸಿದರೆ ಕರಾಮುವಿಯೇ ಸರಿ, ಅದರಲ್ಲಿ ಸಂಕೋಚ ಬೇಡ. ಈ ಶಿಕ್ಷಕಿಗೆ ನೆಟ್ ಬರೆಯುವ ಯೋಚನೆಯೂ ಇದೆ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ, ಅರ್ಥಮಾಪನಶಾಸ್ತ್ರವನ್ನೂ (ಎಕನಾಮೆಟ್ರಿಕ್ಸ್) ಕೇಳುತ್ತದೆ. ಆದ್ದರಿಂದ ಇಲ್ಲಿ ಇಗ್ನೋ ಆಯ್ಕೆಯಾಯಿತು. ಖಾಸಗಿ ಆನ್‌ಲೈನ್ ಎಂ.ಎ.ಗಳು ಈ ಬಜೆಟ್ಟಿಗೆ ನಿಲುಕುವಂಥವಲ್ಲ.

ಅರ್ಜಿಗೆ ಮುಂಚೆ ಒಂದು ತಿಂಗಳು

ಯುಜಿಸಿಯ 2020ರ ನಿಯಮಾವಳಿ ಪ್ರಕಾರ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಮಾನ್ಯತೆ ಇದ್ದ ಪಕ್ಷದಲ್ಲಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಮಾನ್ಯತೆ ಎಂದರೆ ವಿಶ್ವವಿದ್ಯಾನಿಲಯದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು. ಆ ವಿಶ್ವವಿದ್ಯಾನಿಲಯದ ‘ಎಂ.ಎ. ಅರ್ಥಶಾಸ್ತ್ರ’ವೇ, ನೀವು ಸೇರುವ ಸತ್ರಕ್ಕೇ, ನೀವು ಆರಿಸಿದ ವಿಧಾನಕ್ಕೇ (ದೂರಶಿಕ್ಷಣವೋ ಆನ್‌ಲೈನೋ) ಯುಜಿಸಿ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿರಬೇಕು. ಆ ಪುಟವನ್ನು ಸೇರುವ ದಿನವೇ ಪ್ರಿಂಟ್ ತೆಗೆದು, ತಾರೀಕು ಕಾಣುವಂತೆ ಕಡತಕ್ಕೆ ಸೇರಿಸಿಡಿ. ಐದು ವರ್ಷದ ನಂತರ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಅದು ನಿಮ್ಮ ಪರ ಮಾತನಾಡುತ್ತದೆ.

2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಆ ಬ್ಯೂರೋದ ಗುರುತು ಸಂಖ್ಯೆ, ಡಿಇಬಿ-ಐಡಿ, ಕಡ್ಡಾಯ. ಅದನ್ನು ಪಡೆಯಲು ಮೊದಲು ಡಿಜಿಲಾಕರ್ ಮೂಲಕ 12 ಅಂಕಿಯ ಎಬಿಸಿ ಐಡಿ (ಕಲಿತ ಕ್ರೆಡಿಟ್‌ಗಳನ್ನು ಕೂಡಿಡುವ ಖಾತೆಯ ಸಂಖ್ಯೆ) ಬೇಕು. ಅದು ಆಧಾರ್‌ಗೆ ಜೋಡಣೆಯಾಗಿರುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೇ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಮದುವೆಯಾದ ಮೇಲೆ ಮಾಡಿಸಿದ ದಾಖಲೆಯಲ್ಲಿ ಗಂಡನ ಹೆಸರು. ಮೂರೂ ಮೂರು ದಾರಿ. ಆಧಾರ್ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸರಿಹೊಂದಿಸುವ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿ. ಜುಲೈ ಸತ್ರದ ಅರ್ಜಿಯ ಕೊನೆಯ ವಾರ ತಿದ್ದಲು ಹೊರಟರೆ ಆರು ತಿಂಗಳು ಹೋಯಿತೆಂದೇ ಲೆಕ್ಕ.

ಇನ್ನೊಂದು ಕಾಗದ ಶಾಲೆಯದ್ದು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರುವವರು ಓದು ಶುರು ಮಾಡುವ ಮುಂಚೆಯೇ ಪೂರ್ವಾನುಮತಿ ಪಡೆಯಬೇಕು: ಮುಖ್ಯ ಶಿಕ್ಷಕರಿಗೆ ಅರ್ಜಿ, ಆಡಳಿತ ಮಂಡಳಿಯ ಒಪ್ಪಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ. ‘ದೂರಶಿಕ್ಷಣ, ಕರ್ತವ್ಯಕ್ಕೆ ಬಾಧೆಯಿಲ್ಲ, ಪರೀಕ್ಷೆಯ ದಿನಗಳಿಗೆ ಅರ್ಹ ರಜೆ ಬಳಸಿಕೊಳ್ಳುತ್ತೇನೆ’ ಎಂಬ ಮೂರು ಸಂಗತಿ ಅರ್ಜಿಯಲ್ಲಿರಲಿ. ಅನುಮತಿ ಇಲ್ಲದೆ ಪಡೆದ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು ಹೋದಾಗ ಎದ್ದೇಳುವ ಆಕ್ಷೇಪ ಬಿಡಿಸಲು ವರ್ಷಗಳೇ ಹಿಡಿಯುತ್ತವೆ.

ಗಂಟೆಗಳ ಲೆಕ್ಕ

ಇಗ್ನೋದಲ್ಲಿ 1 ಕ್ರೆಡಿಟ್ ಎಂದರೆ 30 ಗಂಟೆಯ ಓದು. 6 ಕ್ರೆಡಿಟ್‌ನ ಒಂದು ವಿಷಯಕ್ಕೆ 180 ಗಂಟೆ. ಮೊದಲ ವರ್ಷಕ್ಕೆ ಇಂಥ ಐದು ವಿಷಯ ಎಂದು ಹಿಡಿದರೆ 900 ಗಂಟೆ.

ಶಿಕ್ಷಕಿಯ ವಾರವನ್ನು ಬಿಡಿಸೋಣ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ನಾಲ್ಕೂಮುಕ್ಕಾಲರಿಂದ ಆರೂಕಾಲರವರೆಗೆ ಒಂದೂವರೆ ಗಂಟೆ: ಒಟ್ಟು ಏಳೂವರೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಎರಡೂವರೆ. ಭಾನುವಾರ ನಾಲ್ಕು. ಕೂಡಿದರೆ 14. ರಾತ್ರಿಯ ಗಂಟೆಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಊಟ ಮುಗಿದ ಮೇಲೆ ಓದುತ್ತೇನೆ ಎಂಬ ಯೋಜನೆ ಎರಡು ವಾರ ನಿಲ್ಲುತ್ತದೆ, ಮೂರನೇ ವಾರ ಪುಸ್ತಕದ ಮೇಲೆಯೇ ನಿದ್ದೆ.

ವರ್ಷದ 52 ವಾರವೂ ಇವು ಸಿಗುವುದಿಲ್ಲ. ಕರಾವಳಿಯಲ್ಲಿ ಶನಿವಾರದ ಮಧ್ಯಾಹ್ನ ನಂಬುವಂಥದ್ದಲ್ಲ. ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ಆ ದಿನಗಳ ಪಾಠವನ್ನು ಮುಂದಿನ ಶನಿವಾರ ಮಧ್ಯಾಹ್ನ, ಒಮ್ಮೊಮ್ಮೆ ಭಾನುವಾರವೂ ಮಾಡಿ ಸರಿದೂಗಿಸಬೇಕು. ಮಳೆಯ ರಜೆ ಓದಿಗೆ ಸಿಕ್ಕಿತೆಂದು ಖುಷಿಪಟ್ಟರೆ ಅದು ಸಾಲ, ಸೆಪ್ಟೆಂಬರಿನಲ್ಲಿ ತೀರಿಸಬೇಕು. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ. ಜನವರಿಯಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ. ಮಾರ್ಚ್–ಏಪ್ರಿಲ್‌ನಲ್ಲಿ ಪರೀಕ್ಷೆ, ಮೌಲ್ಯಮಾಪನ. ಎಲ್ಲ ಕಳೆದರೆ ಪೂರ್ತಿ ಕೈಗೆ ಸಿಗುವುದು 40 ವಾರ: 560 ಗಂಟೆ.

900 ಬೇಕು, 560 ಇದೆ. ಇಲ್ಲಿ ಹೆಚ್ಚಿನವರು ‘ಹೇಗೋ ಮಾಡುತ್ತೇನೆ’ ಎಂದು ಐದೂ ವಿಷಯ ಹಿಡಿದು, ಮೇ ತಿಂಗಳಲ್ಲಿ ಐದರಲ್ಲೂ ಅರ್ಧರ್ಧ ಓದಿಕೊಂಡು ನಿಲ್ಲುತ್ತಾರೆ. ಸರಿಯಾದ ದಾರಿ ಮೂರು ವಿಷಯ (540 ಗಂಟೆ) ಪೂರ್ತಿ ಮಾಡುವುದು, ಎರಡನ್ನು ಮುಂದಿನ ಪರೀಕ್ಷೆಗೆ ಬಿಡುವುದು. ಎರಡು ವರ್ಷದ ಕೆಲಸವನ್ನು 1,800 ಗಂಟೆ ಎಂದು ಹಿಡಿದು 560ರಿಂದ ಭಾಗಿಸಿದರೆ ಮೂರು ವರ್ಷ ಮತ್ತು ಸುಮಾರು ಮೂರು ತಿಂಗಳು. ನಾಲ್ಕು ವರ್ಷದ ಮಿತಿಯೊಳಗೇ ಇದೆ. ‘ನಿಮ್ಮ ವೇಗ’ ಎಂಬುದಕ್ಕೆ ಇಲ್ಲಿರುವ ಅರ್ಥ ಇಷ್ಟೇ, ಮತ್ತು ಇದು ಸಣ್ಣ ಸೌಲಭ್ಯವೇನಲ್ಲ.

ಯಾವ ಮೂರು? ಸೂಕ್ಷ್ಮ ಅರ್ಥಶಾಸ್ತ್ರ, ಪರಿಮಾಣಾತ್ಮಕ ವಿಧಾನಗಳು, ಮತ್ತು ಬರವಣಿಗೆ ಹೆಚ್ಚಿರುವ ಒಂದು ವಿಷಯ, ಉದಾಹರಣೆಗೆ ಬೆಳವಣಿಗೆ ಮತ್ತು ಅಭಿವೃದ್ಧಿ. ಗಣಿತದ್ದು ಕಷ್ಟವೆಂದು ಮುಂದೂಡುವವರೇ ಹೆಚ್ಚು. ಅದು ತಪ್ಪು. ಸೂಕ್ಷ್ಮ, ಸಮಗ್ರ ಅರ್ಥಶಾಸ್ತ್ರ ಎರಡೂ ಅದರ ಮೇಲೆ ನಿಂತಿವೆ. ಅಡಿಪಾಯವನ್ನು ಕೊನೆಗೆ ಕಟ್ಟಲಾಗದು.

ಗಣಿತದ ಹಳ್ಳ

ಕನ್ನಡ ಮಾಧ್ಯಮದ ಬಿ.ಎ.ಯಲ್ಲಿ ಅನುಭೋಗಿಯ ಸಮತೋಲನವನ್ನು ರೇಖಾಚಿತ್ರ ಬರೆದು ವಿವರಿಸುತ್ತೇವೆ: ಔದಾಸೀನ್ಯ ವಕ್ರರೇಖೆಯನ್ನು (ಒಂದೇ ಮಟ್ಟದ ತೃಪ್ತಿ ಕೊಡುವ ಸರಕಿನ ಜೋಡಿಗಳ ಗೆರೆ) ಬಜೆಟ್ ರೇಖೆ ಎಲ್ಲಿ ಸ್ಪರ್ಶಿಸುತ್ತದೋ ಅಲ್ಲಿ ಸಮತೋಲನ. ಎಂ.ಎ. ಪ್ರಶ್ನೆ ಚಿತ್ರ ಕೇಳುವುದಿಲ್ಲ, ಸಂಖ್ಯೆ ಕೇಳುತ್ತದೆ.

ಒಂದು ಮನೆ ಅಕ್ಕಿ ಮತ್ತು ಮೀನಿಗೆ ವಾರಕ್ಕೆ ₹600 ಖರ್ಚು ಮಾಡುತ್ತದೆ. ಅಕ್ಕಿ ಕಿಲೋಗೆ ₹50, ಬಂಗುಡೆ ಕಿಲೋಗೆ ₹200. ತುಷ್ಟಿಗುಣ (ಬಳಕೆಯಿಂದ ಸಿಗುವ ತೃಪ್ತಿಯ ಅಳತೆ) ಎಂದರೆ ಇಲ್ಲಿ ಅಕ್ಕಿಯ ಪ್ರಮಾಣದ ವರ್ಗಮೂಲವನ್ನು ಮೀನಿನ ಪ್ರಮಾಣದ ವರ್ಗಮೂಲದಿಂದ ಗುಣಿಸಿದ್ದು. ಎಷ್ಟೆಷ್ಟು ಕೊಳ್ಳುತ್ತಾರೆ? ಎರಡರ ಸೀಮಾಂತ ತುಷ್ಟಿಗುಣಗಳ (ಇನ್ನಷ್ಟು ಕೊಂಡಾಗ ಹೆಚ್ಚುವ ತುಷ್ಟಿಗುಣ) ಅನುಪಾತವನ್ನು ಬೆಲೆಗಳ ಅನುಪಾತಕ್ಕೆ ಸಮೀಕರಿಸಬೇಕು. ಅವಕಲನ (ಡಿಫರೆನ್ಷಿಯೇಷನ್) ಮಾಡಿದರೆ ಮೀನಿನ ಸೀಮಾಂತ ತುಷ್ಟಿಗುಣವನ್ನು ಅಕ್ಕಿಯದ್ದರಿಂದ ಭಾಗಿಸಿದ್ದು, ಅಕ್ಕಿಯ ಪ್ರಮಾಣವನ್ನು ಮೀನಿನ ಪ್ರಮಾಣದಿಂದ ಭಾಗಿಸಿದ್ದಕ್ಕೆ ಸಮ. ಬೆಲೆಗಳ ಅನುಪಾತ 200 ಭಾಗಿಸು 50, ಅಂದರೆ 4. ಹಾಗಾಗಿ ಅಕ್ಕಿ ಮೀನಿನ ನಾಲ್ಕು ಪಟ್ಟು. ಬಜೆಟ್ಟಿಗೆ ಹಾಕಿದರೆ ಮೀನು 1.5 ಕಿಲೋ, ಅಕ್ಕಿ 6 ಕಿಲೋ. ಎರಡಕ್ಕೂ ತಲಾ ₹300.

ಈಗ ಬಂಗುಡೆ ₹300 ಆಯಿತು ಎನ್ನಿ. ಮೀನು 1 ಕಿಲೋಗೆ ಇಳಿಯುತ್ತದೆ, ಅಕ್ಕಿ ಮಾತ್ರ 6 ಕಿಲೋದಲ್ಲೇ ನಿಲ್ಲುತ್ತದೆ. ಈ ಬಗೆಯ ತುಷ್ಟಿಗುಣ ಫಲನದಲ್ಲಿ ಒಂದರ ಬೆಲೆ ಇನ್ನೊಂದರ ಬೇಡಿಕೆಯನ್ನು ಮುಟ್ಟುವುದೇ ಇಲ್ಲ. ನಿಜವಾದ ಮನೆಯಲ್ಲಿ ಹಾಗಾಗುತ್ತದೆಯೇ? ಮಳೆಗಾಲದಲ್ಲಿ ಹಸಿಮೀನು ದುಬಾರಿಯಾದಾಗ ಒಣಮೀನು, ಮೊಟ್ಟೆ ಅಡುಗೆಮನೆಗೆ ಬರುತ್ತವೆ. ಸೂತ್ರದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಹಿಡಿಯುವುದೇ ಸ್ನಾತಕೋತ್ತರ ಹಂತದ ಓದು. ಚಿತ್ರ ಮಾತ್ರ ಬಲ್ಲವರಿಗೆ ಈ ಎರಡನೇ ಪ್ರಶ್ನೆ ಹೊಳೆಯುವುದೇ ಇಲ್ಲ.

ಶಿಕ್ಷಕಿ ಹದಿನಾರು ವರ್ಷದಿಂದ ಅವಕಲನ ಮುಟ್ಟಿಲ್ಲ. ಪರಿಹಾರ ಮೇ ಮಧ್ಯದಿಂದ ಹತ್ತು ವಾರ, ವಾರಕ್ಕೆ ಎಂಟು ಗಂಟೆ. ಪುಸ್ತಕ ಪಿಯು ಗಣಿತದ್ದೇ ಸಾಕು, ಎನ್‌ಸಿಇಆರ್‌ಟಿ. ಪ್ರಥಮ ಪಿಯುವಿನಿಂದ ಮಿತಿ ಮತ್ತು ನಿಷ್ಪನ್ನದ (ಡೆರಿವೇಟಿವ್) ಅಧ್ಯಾಯ. ದ್ವಿತೀಯ ಪಿಯುವಿನಿಂದ 3, 4ನೇ ಅಧ್ಯಾಯ (ಮಾತೃಕೆ, ನಿರ್ಧಾರಕ), 5ರಲ್ಲಿ ಅವಕಲನದ ಭಾಗ, 6 ಪೂರ್ತಿ (ಗರಿಷ್ಠ–ಕನಿಷ್ಠ ಇರುವುದು ಅಲ್ಲೇ), 13 (ಸಂಭವನೀಯತೆ). ತ್ರಿಕೋನಮಿತಿಯ ಲೆಕ್ಕಗಳನ್ನು ಪೂರ್ತಿ ಬಿಟ್ಟುಬಿಡಿ. ಅರ್ಧ ಸಮಯ ಅಲ್ಲೇ ಉಳಿಯುತ್ತದೆ. ಲಾಗರಿದಮ್ಮಿನ ನಿಷ್ಪನ್ನ ಮಾತ್ರ ಕೈಗೆ ಕೂರಲೇಬೇಕು, ಏಕೆಂದರೆ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಎಂದರೆ ಲಾಗ್‌ಗಳ ನಡುವಿನ ನಿಷ್ಪನ್ನವೇ. ಹತ್ತನೇ ವಾರದ ಕೊನೆಗೆ ಮೇಲಿನ ಅಕ್ಕಿ–ಮೀನಿನ ಲೆಕ್ಕವನ್ನು ಬೇರೆ ಸಂಖ್ಯೆ ಹಾಕಿ, ಪುಸ್ತಕ ನೋಡದೆ, ಹತ್ತು ನಿಮಿಷದಲ್ಲಿ ಮಾಡಲು ಬಂದರೆ ಸಿದ್ಧ ಎಂದರ್ಥ.

ಇದರ ಜೊತೆಗೆ ಎಂಐಟಿಯ ಉಚಿತ ಪಾಠಗಳಲ್ಲಿ 14.01 ಎಂಬ ಸಂಖ್ಯೆಯ ಸೂಕ್ಷ್ಮ ಅರ್ಥಶಾಸ್ತ್ರ ಸಿಗುತ್ತದೆ. ಜೊನಾಥನ್ ಗ್ರೂಬರ್ ಅವರ ಉಪನ್ಯಾಸಗಳು. ಅಭ್ಯಾಸದ ಲೆಕ್ಕಗಳಿಗೆ ಉತ್ತರವೂ ಇದೆ. ಪದವಿ ಮಟ್ಟದ್ದೇ, ಆದರೆ ಬಿ.ಎ.ಗೂ ಎಂ.ಎ.ಗೂ ನಡುವಿನ ಹಳ್ಳಕ್ಕೆ ಸೇತುವೆಯಾಗುತ್ತದೆ. ಗಡುವಿಲ್ಲ, ಶುಲ್ಕವಿಲ್ಲ. ನಿಜಕ್ಕೂ ನಮ್ಮ ವೇಗದಲ್ಲಿ ಓದಬಹುದಾದದ್ದು ಇದೊಂದೇ. ಎನ್‌ಪಿಟಿಇಎಲ್‌ನ ಪಾಠಗಳೂ ಉಚಿತ. ಪ್ರಮಾಣಪತ್ರ ಬೇಕಿದ್ದರೆ ಪರೀಕ್ಷೆಗೆ ₹1,000, ವಾರ ವಾರದ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75. ಅದರ ಗಡುವುಗಳು ಇಗ್ನೋ ಗಡುವುಗಳ ಮೇಲೆ ಬಂದು ಬೀಳುತ್ತವೆ. ವೀಡಿಯೊ ನೋಡಿ, ಪರೀಕ್ಷೆಗೆ ಹೆಸರು ಕೊಡಬೇಡಿ ಎಂಬುದು ನಮ್ಮ ಸಲಹೆ.

ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಇಗ್ನೋದ ಪಠ್ಯ ಪೂರ್ತಿಯಾಗಿ ಅದರದೇ ಜಾಲತಾಣವಾದ ಇ-ಜ್ಞಾನಕೋಶದಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಅಂಚೆಯಲ್ಲಿ ಪುಸ್ತಕ ಬರಲಿ ಎಂದು ಕಾಯದೆ ಜೂನ್ ಮೊದಲ ವಾರವೇ ಇಳಿಸಿಟ್ಟುಕೊಳ್ಳಿ.

ನಲವತ್ತು ಸಾಲದು

ಇಗ್ನೋದಲ್ಲಿ ಪಾಸಾಗಲು ಅಸೈನ್‌ಮೆಂಟ್ ಮತ್ತು ಸತ್ರಾಂತ್ಯ ಪರೀಕ್ಷೆ ಎರಡರಲ್ಲೂ ಶೇ 40 ಸಾಕು. ಅಸೈನ್‌ಮೆಂಟಿನ ತೂಕ ಶೇ 30, ಪರೀಕ್ಷೆಯದ್ದು ಶೇ 70. ಪಾಸಾದರೆ ಆಯಿತು ಎಂದು ಓದಿ ಒಟ್ಟಿನಲ್ಲಿ 52 ತೆಗೆದವರಿಗೆ ಪದವಿ ಸಿಗುತ್ತದೆ, ಹುದ್ದೆಯ ಅರ್ಹತೆ ಸಿಗುವುದಿಲ್ಲ. ಅಂಕ ಸುಧಾರಣೆಗೆ ಅವಕಾಶ ಇದೆ, ಆದರೆ 55ಕ್ಕೆ ಶೇ 2ರೊಳಗೆ ಕಡಿಮೆ ಬಿದ್ದವರಿಗೆ ಮಾತ್ರ. 52 ಆದವರು ಹೊರಗೆ.

ಆದ್ದರಿಂದ ಅಸೈನ್‌ಮೆಂಟನ್ನು ಹಗುರವಾಗಿ ನೋಡಬಾರದು. ಅದರಲ್ಲಿ 75 ಬಂದರೆ 22.5 ಕೈಗೆ ಬಂತು. 55 ಮುಟ್ಟಲು ಪರೀಕ್ಷೆಯಿಂದ 32.5 ಬೇಕು, ಅಂದರೆ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 46. ಅಸೈನ್‌ಮೆಂಟಿನಲ್ಲಿ 60 ಬಂದರೆ ಪರೀಕ್ಷೆಯಲ್ಲಿ 53 ಬೇಕು. ಬರೀ 45 ಬಂದರೆ ಪರೀಕ್ಷೆಯಲ್ಲಿ 59. ಇಂಗ್ಲಿಷಿನಲ್ಲಿ ಮೂರು ಗಂಟೆ ಬರೆಯುವ ಅಭ್ಯಾಸ ಹೊಸದಾಗಿರುವವರಿಗೆ 46ಕ್ಕೂ 59ಕ್ಕೂ ಇರುವ ಅಂತರ ದೊಡ್ಡದು.

ಅಸೈನ್‌ಮೆಂಟ್ ಕೆಡುವುದು ಮೂರು ಕಾರಣಕ್ಕೆ. ಹಳೆಯ ವರ್ಷದ ಪ್ರಶ್ನೆಗೆ ಉತ್ತರ ಬರೆಯುವುದು ಒಂದು. ಪ್ರಶ್ನೆಗಳು ಬದಲಾಗುತ್ತವೆ, ಹಳೆಯದನ್ನು ಸ್ವೀಕರಿಸುವುದಿಲ್ಲ. ದುಡ್ಡು ಕೊಟ್ಟು ಕೊಂಡ ಸಿದ್ಧ ಉತ್ತರವನ್ನು ನಕಲು ಮಾಡುವುದು ಇನ್ನೊಂದು. ಹತ್ತು ಜನರದ್ದು ಅಕ್ಷರಶಃ ಒಂದೇ ಆದಾಗ ಮೌಲ್ಯಮಾಪಕರಿಗೆ ಗೊತ್ತಾಗದೇ ಇರುವುದಿಲ್ಲ. ಮೂರನೆಯದು ಸ್ವೀಕೃತಿ ಇಟ್ಟುಕೊಳ್ಳದಿರುವುದು. ಪ್ರತಿ ವಿಷಯಕ್ಕೂ ಬೇರೆ ಕಟ್ಟು, ಮೇಲಿನ ಹಾಳೆಯಲ್ಲಿ ನೋಂದಣಿ ಸಂಖ್ಯೆ, ಕಾರ್ಯಕ್ರಮದ ಮತ್ತು ವಿಷಯದ ಸಂಕೇತ, ಅಧ್ಯಯನ ಕೇಂದ್ರದ ಸಂಕೇತ, ಕೈಬರಹ, ಕೊಡುವ ಮುಂಚೆ ಪ್ರತಿ ಪುಟದ ಫೋಟೊ. ಅಂಕ ಜಾಲತಾಣದಲ್ಲಿ ಏರದೇ ಹೋದಾಗ ಆ ಫೋಟೊ ಮತ್ತು ಸ್ವೀಕೃತಿ ಇಲ್ಲದವರು ಮತ್ತೆ ಬರೆಯುತ್ತಾರೆ.

ಡಿಸೆಂಬರ್ ಪರೀಕ್ಷೆಯ ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ಗಡುವು. ದಸರಾ ರಜೆ ಅದಕ್ಕೆ ಸರಿಯಾಗಿ ಬರುತ್ತದೆ. ಜೂನ್ ಪರೀಕ್ಷೆಯದ್ದಕ್ಕೆ ಏಪ್ರಿಲ್ ಕೊನೆ, ಅದು ಮೌಲ್ಯಮಾಪನದ ನಡುವೆ ಬಂದು ಬೀಳುತ್ತದೆ. ಹಾಗಾಗಿ ಜೂನ್‌ನವನ್ನು ಫೆಬ್ರುವರಿಯೊಳಗೆ ಬರೆದು ಮುಗಿಸಿ. ಗಡುವು ವಿಸ್ತರಣೆಯಾಗುವುದುಂಟು, ಅದನ್ನು ನಂಬಿ ಕೂರುವುದು ಬೇಡ.

ಇಂಗ್ಲಿಷ್ ಬರವಣಿಗೆಗೆ ಒಂದು ಉಪಾಯ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ತನಗೆ ಗೊತ್ತಿರುವ ಕನ್ನಡ ಪದ, ಬಲಪುಟದಲ್ಲಿ ಅದರ ಇಂಗ್ಲಿಷ್: ಸೀಮಾಂತ ತುಷ್ಟಿಗುಣ, ಅನುಭೋಗಿಯ ಮಿಗುತೆ, ಅವಕಾಶ ವೆಚ್ಚ, ಅಲ್ಪಜನಾಧಿಪತ್ಯ. ಇನ್ನೂರು ಪದ ಸಾಕು. ವಿಷಯ ಗೊತ್ತಿದೆ, ಹೆಸರು ಮಾತ್ರ ಬೇರೆ ಎಂಬ ಧೈರ್ಯ ಬಂದರೆ ಅರ್ಧ ಭಯ ಹೋಗುತ್ತದೆ. ಮುಂದೆ ಪಿಯು ತರಗತಿಯಲ್ಲಿ ಕನ್ನಡದಲ್ಲಿ ಪಾಠ ಮಾಡುವಾಗ ಅದೇ ನೋಟ್‌ಬುಕ್ಕು ಬಲದಿಂದ ಎಡಕ್ಕೆ ಕೆಲಸಕ್ಕೆ ಬರುತ್ತದೆ. ನವೆಂಬರಿನಿಂದ ವಾರಕ್ಕೊಂದು ಹಳೆಯ ಪ್ರಶ್ನೆಗೆ ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆಯಬೇಕು. ಟೈಪು ಮಾಡಿ ರೂಢಿಯಾದ ಕೈ ಎರಡನೇ ಗಂಟೆಯಲ್ಲಿ ನೋಯುತ್ತದೆ.

ಪರೀಕ್ಷೆಯ ಅರ್ಜಿ ಬೇರೆಯೇ. ಕಾರ್ಯಕ್ರಮಕ್ಕೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಬರುವುದಿಲ್ಲ. ವಿಷಯವೊಂದಕ್ಕೆ ₹200ರಂತೆ ಕಟ್ಟಿ, ಕೇಂದ್ರ ಆರಿಸಿ ಅರ್ಜಿ ಹಾಕಬೇಕು. ಇದನ್ನು ಮರೆತು ಆರು ತಿಂಗಳು ಕಳೆದುಕೊಳ್ಳುವವರು ಪ್ರತಿ ಸತ್ರದಲ್ಲೂ ಇದ್ದಾರೆ. ಜುಲೈಯಲ್ಲಿ ಸೇರಿದವರ ಮೊದಲ ಪರೀಕ್ಷೆ ಮುಂದಿನ ಜೂನಿನಲ್ಲಿ. ಎಸ್ಸೆಸ್ಸೆಲ್ಸಿಗೆ 2024ರಿಂದ ಪರೀಕ್ಷೆ-2 ಎಂಬುದು ಬಂದ ಮೇಲೆ ಮೇ–ಜೂನ್ ಮೊದಲಿನಷ್ಟು ಬಿಡುವಾಗಿಲ್ಲ. ವೇಳಾಪಟ್ಟಿ ಬಂದ ದಿನವೇ ಮುಖ್ಯ ಶಿಕ್ಷಕರಿಗೆ ಪ್ರತಿ ಕೊಟ್ಟು, ಆ ದಿನಗಳಲ್ಲಿ ಕೊಠಡಿ ಮೇಲ್ವಿಚಾರಣೆಗೆ ಹೆಸರು ಹೋಗದಂತೆ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ನಿಲ್ಲುವುದಿಲ್ಲ.

ಮಲ್ಪೆಯ ಮೀನು ಮತ್ತು ಅರ್ಥಮಾಪನ

ಎರಡನೇ ಹಂತದಲ್ಲಿ ಬರುವ ಅರ್ಥಮಾಪನಶಾಸ್ತ್ರ ಎಲ್ಲರನ್ನೂ ಹೆದರಿಸುತ್ತದೆ. ಆದರೆ ಉಡುಪಿಯಲ್ಲಿರುವವರಿಗೆ ಅದರ ಅತಿ ಕಷ್ಟದ ಪ್ರಶ್ನೆಯ ಪ್ರಯೋಗಾಲಯ ಮನೆ ಬಾಗಿಲಲ್ಲೇ ಇದೆ. ಪ್ರಶ್ನೆ ಇದು: ದಿನದಿನದ ಬೆಲೆ ಮತ್ತು ಮಾರಾಟದ ಪ್ರಮಾಣವನ್ನು ಬರೆದಿಟ್ಟು ಅವುಗಳ ನಡುವೆ ಗೆರೆ ಎಳೆದರೆ ಸಿಗುವುದು ಬೇಡಿಕೆಯ ರೇಖೆಯೋ, ಪೂರೈಕೆಯ ರೇಖೆಯೋ? ಎರಡೂ ಅಲ್ಲ, ಎರಡರ ಕಲಸುಮೇಲೋಗರ. ಬೇಡಿಕೆಯನ್ನು ಬಿಡಿಸಿ ನೋಡಬೇಕಾದರೆ, ಕೊಳ್ಳುವವರ ಮನಸ್ಸಿಗೆ ಸಂಬಂಧವಿಲ್ಲದೆ ಪೂರೈಕೆಯನ್ನು ಮಾತ್ರ ಅಲುಗಿಸುವ ಯಾವುದಾದರೂ ಬೇಕು. ಕಡಲಿನ ಗಾಳಿ ಅಂಥದ್ದು. ನ್ಯೂಯಾರ್ಕಿನ ಫುಲ್ಟನ್ ಮೀನು ಮಾರುಕಟ್ಟೆಯ 1991–92ರ 111 ದಿನಗಳ ದತ್ತಾಂಶ ಹಿಡಿದು ಅರ್ಥಶಾಸ್ತ್ರಜ್ಞೆ ಕ್ಯಾಥರಿನ್ ಗ್ರಾಡಿ ಮಾಡಿದ ಕೆಲಸದಲ್ಲಿ ಬಿರುಗಾಳಿಯ ದಿನಗಳೇ ಬೇಡಿಕೆಯನ್ನು ಬೇರ್ಪಡಿಸಲು ನೆರವಾದವು.

ಉಡುಪಿಯ ಮೀನುಗಾರಿಕಾ ಬಂದರು ಮಲ್ಪೆಯಲ್ಲಿ ಇದನ್ನೇ ಮಾಡಲು ಹೊರಟರೆ ಮೊದಲ ಎಡವಟ್ಟು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧವನ್ನು ಹಿಡಿದುಕೊಳ್ಳುವುದು. ಪೂರೈಕೆ ಕುಸಿಯುತ್ತದೆ, ಸರಿ. ಆದರೆ ಅದೇ ಎರಡು ತಿಂಗಳಲ್ಲಿ ಬೇಡಿಕೆಯೂ ಬದಲಾಗುತ್ತದೆ: ಜುಲೈ ಮಧ್ಯದಿಂದ ಶುರುವಾಗುವ ತುಳುವರ ಆಟಿ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ, ಪ್ರವಾಸಿಗರು ಕಡಿಮೆ, ಮನೆಗಳಲ್ಲಿ ಒಣಮೀನು ತೆಗೆದಿಟ್ಟಿರುತ್ತಾರೆ. ಎರಡೂ ಒಟ್ಟಿಗೆ ಅಲುಗಿದರೆ ಬೇರ್ಪಡಿಸಲಾಗದು. ಬದಲಿಗೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟು ದೋಣಿಗಳು ಕಡಲಿಗಿಳಿಯದ ದಿನಗಳನ್ನು ಗುರುತಿಸಿಕೊಳ್ಳಬೇಕು.

ಎರಡನೇ ಎಡವಟ್ಟು ಅಳತೆಯದ್ದು. ರಸ್ತೆ ಬದಿ ಮಾರುವವರಲ್ಲಿ ದರ ಹೆಚ್ಚಾಗಿ ‘ನೂರಕ್ಕೆ ಇಷ್ಟು’. ನಿನ್ನೆ ನೂರಕ್ಕೆ ಎಂಟು ಬಂಗುಡೆ, ಇವತ್ತು ನೂರಕ್ಕೆ ಐದು. ಬೆಲೆ ಎಂದು ನೂರನ್ನೇ ಬರೆದುಕೊಂಡರೆ ವರ್ಷವಿಡೀ ಬೆಲೆ ಬದಲಾಗಿಲ್ಲ ಎಂದು ಲೆಕ್ಕ ಹೇಳುತ್ತದೆ. ಎಣಿಕೆಯಿಂದ ಕಿಲೋಗೆ ತಿರುಗಿಸಬೇಕು. ಅದಕ್ಕೆ ವಾರಕ್ಕೊಮ್ಮೆ ಹತ್ತು ಮೀನು ತೂಗಿ ಸರಾಸರಿ ಹಿಡಿಯಬೇಕು, ಏಕೆಂದರೆ ಮೀನಿನ ಗಾತ್ರವೂ ತಿಂಗಳಿಂದ ತಿಂಗಳಿಗೆ ಬೇರೆ. ಜೊತೆಗೆ ಗಂಟೆ ಬರೆಯಬೇಕು. ಬೆಳಿಗ್ಗೆ ಏಳರ ಬೆಲೆ ಮತ್ತು ಹನ್ನೊಂದರ ಬೆಲೆ ಒಂದೇ ಸರಕಿನದ್ದಲ್ಲ. ಇಂಥ ಅರವತ್ತು ದಿನಗಳ ಒಂದು ನೋಟ್‌ಬುಕ್ಕು ಕೈಯಲ್ಲಿದ್ದರೆ ಪಠ್ಯದ ಆ ಅಧ್ಯಾಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಣದ ಮಾತು

ಕಾರ್ಯಕ್ರಮದ ಶುಲ್ಕ, ವಿಷಯವಾರು ಪರೀಕ್ಷಾ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಓಡಾಟ, ಮುದ್ರಣ, ಘಟಿಕೋತ್ಸವದ ಶುಲ್ಕ ಎಲ್ಲ ಸೇರಿ ₹30,000ದೊಳಗೆ ಕೂರಿಸಬಹುದು, ಕೋಚಿಂಗ್ ಮತ್ತು ಸಿದ್ಧ ಗೈಡುಗಳನ್ನು ಬಿಟ್ಟರೆ. ಪೂರ್ತಿ ಪಿಡಿಎಫ್ ಮುದ್ರಿಸಬೇಡಿ. ಗಣಿತ ಮತ್ತು ಸೂಕ್ಷ್ಮದ ಘಟಕಗಳನ್ನು ಮಾತ್ರ ಎರಡೂ ಮಗ್ಗುಲಲ್ಲಿ ಮುದ್ರಿಸಿ. ಮರುಪರೀಕ್ಷೆಗೆಂದು ₹2,000 ಬೇರೆ ಎತ್ತಿಡಿ.

ಮೊದಲ ಜೂನಿನ ಫಲಿತಾಂಶ ಬಂದ ಮೇಲೆ ಒಂದು ತೀರ್ಮಾನ ಉಳಿದಿರುತ್ತದೆ. ಮೂರೂ ವಿಷಯದ ಸರಾಸರಿ 55 ದಾಟಿದ್ದರೆ ಡಿಸೆಂಬರಿಗೆ ಉಳಿದ ಎರಡು, ಮತ್ತೆ ಮುಂದಿನ ಜೂನಿಗೆ ಮೂರು ಎಂಬ ಕ್ರಮದಲ್ಲೇ ಹೋಗಬಹುದು. 48ರಿಂದ 55ರ ನಡುವೆ ಇದ್ದರೆ ಡಿಸೆಂಬರಿಗೆ ಒಂದೇ ವಿಷಯ ಹಿಡಿದು, ಉಳಿದ ಗಂಟೆಗಳನ್ನು ಕೈಬರಹದ ಅಭ್ಯಾಸಕ್ಕೆ ಕೊಡಬೇಕು; ನಾಲ್ಕು ವರ್ಷದ ಮಿತಿ ಅದನ್ನು ತಾಳಿಕೊಳ್ಳುತ್ತದೆ. 48ಕ್ಕಿಂತ ಕೆಳಗಿದ್ದು, ಕಾರಣ ಗಣಿತವಲ್ಲದೆ ಇಂಗ್ಲಿಷ್ ಎಂದು ಉತ್ತರಗಳನ್ನು ನೆನಪಿಸಿಕೊಂಡಾಗ ಗೊತ್ತಾದರೆ, ಆ ವರ್ಷವೇ ಕರಾಮುವಿಯ ಕನ್ನಡ ಮಾಧ್ಯಮಕ್ಕೆ ಬದಲಾಗುವುದು ಒಳ್ಳೆಯದು. ಕಟ್ಟಿದ ಒಂದು ವರ್ಷದ ಶುಲ್ಕ ಹೋಗುತ್ತದೆ. ಕಲಿತ ಗಣಿತ, ಪದಗಳ ನೋಟ್‌ಬುಕ್ಕು, ಬೆಳಿಗ್ಗೆ ನಾಲ್ಕೂಮುಕ್ಕಾಲರ ರೂಢಿ ಮೂರೂ ಜೊತೆಗೇ ಬರುತ್ತವೆ.